ನಾಲ್ಕು ರಿಲೇ ಇರುವ ಟೆಂಪರೇಚರ್ ಕಂಟ್ರೋಲರ್: ಉದ್ಯಮಬಾಗದ ಭಟ್ಟಿಯಲ್ಲಿ ಬಳಸಿ ನೋಡಿದ ಮೇಲೆ

ಬೆಳಗಾವಿ ಉದ್ಯಮಬಾಗದಲ್ಲಿ ನಮ್ಮದು ಸಣ್ಣ ಹೀಟ್ ಟ್ರೀಟ್‌ಮೆಂಟ್ ಶಾಪ್. ಗೇರು, ಶಾಫ್ಟುಗಳನ್ನು ಟೆಂಪರಿಂಗ್ ಮಾಡುವ (ಗಟ್ಟಿ ಮಾಡಿದ ಉಕ್ಕನ್ನು ಮತ್ತೆ ಕಾಯಿಸಿ ಹದಕ್ಕೆ ತರುವ) ಕರೆಂಟಿನ ಭಟ್ಟಿಗೆ ಈ ಕಂಟ್ರೋಲರ್ ಕೂಡಿಸಿ ವರ್ಷಗಳೇ ಆದವು. ಅಕ್ಯುರಸಿ, ಡಿಸ್‌ಪ್ಲೇ ಎಲ್ಲ ಡಬ್ಬಿ ಮೇಲೇ ಬರೆದಿರುತ್ತದೆ, ಅದನ್ನು ಬಿಡುತ್ತೇನೆ. ನಾನು ಹೇಳಬೇಕಿರುವುದು ರಿಲೇಗಳ, ಅಂದರೆ ಕಂಟ್ರೋಲರ್ ತಾನೇ ಆನ್-ಆಫ್ ಮಾಡುವ ಒಳಗಿನ ಸ್ವಿಚ್ಚುಗಳ ಸಂಗತಿ.

ಯಾವ ರಿಲೇಗೆ ಯಾವ ಕೆಲಸ ಎಂದು ನಾವೇ ಹಚ್ಚಬಹುದು: ಹೈ ಅಲಾರಂ, ಲೋ ಅಲಾರಂ, ಟೈಮರ್ ಮುಗಿದ ಸೂಚನೆ. ಇಷ್ಟು ಈಗ ಎಲ್ಲರೂ ಕೊಡುತ್ತಾರೆ. ನನಗೆ ಹಿಡಿಸಿದ್ದು ಮೆನುವಿನ ತಳದಲ್ಲಿರುವ ಫೇಲ್‌ಸೇಫ್ ಆಯ್ಕೆ. ಅದನ್ನು ಆನ್ ಮಾಡಿದರೆ ಎಲ್ಲ ಸರಿಯಿದ್ದಾಗ ರಿಲೇ ಎಳೆದುಕೊಂಡೇ ಇರುತ್ತದೆ, ಅಲಾರಂ ಬಂದಾಗ ಬಿಡುತ್ತದೆ. ಹೈ ಅಲಾರಂ ರಿಲೇಯ ಎನ್‌ಒ ಕಾಂಟ್ಯಾಕ್ಟ್ (ರಿಲೇ ಎಳೆದಾಗ ಮಾತ್ರ ಕೂಡುವುದು) ಮೂಲಕ ಮೇನ್ ಕಾಂಟ್ಯಾಕ್ಟರಿನ (ಭಟ್ಟಿಗೆ ಕರೆಂಟು ಕೊಡುವ ದೊಡ್ಡ ಸ್ವಿಚ್ಚಿನ) ಕಾಯಿಲಿಗೆ ಸಪ್ಲೈ ಕೊಟ್ಟಿದ್ದೇವೆ. ಹೀಗಾಗಿ ಕಾವು ಏರಿದರೂ, ವೈರ್ ಕಿತ್ತರೂ, ಕಂಟ್ರೋಲರೇ ಸತ್ತರೂ ಭಟ್ಟಿ ಬಂದ್. ಇನ್ನೊಂದು ರಿಲೇಗೂ ಅದೇ ಅಲಾರಂ ಹಚ್ಚಿ, ಅದರ ಎನ್‌ಸಿ ಕಾಂಟ್ಯಾಕ್ಟಿಗೆ (ರಿಲೇ ಬಿಟ್ಟಾಗ ಕೂಡುವುದು) ಬ್ಯಾಟರಿ ಹೂಟರ್ ಕೊಟ್ಟಿದ್ದೇವೆ. 230 ವೋಲ್ಟನ್ನೂ 12 ವೋಲ್ಟನ್ನೂ ಒಂದೇ ರಿಲೇಯ ಕಾಮನ್‌ಗೆ (ಎನ್‌ಒ, ಎನ್‌ಸಿ ಎರಡಕ್ಕೂ ಸೇರಿದ ತುದಿಗೆ) ತರಬಾರದು, ಅದಕ್ಕೇ ಎರಡು ಬೇಕು. ಕಾವು ಅಳೆಯುವ ಥರ್ಮೋಕಪಲ್ ತುಂಡಾದರೆ ರೀಡಿಂಗ್ ಮೇಲಕ್ಕೆ ಹೋಗುವಂತೆ ಇಟ್ಟುಕೊಳ್ಳಿ. ಕೆಳಗೆ ಹೋಗುವಂತೆ ಇಟ್ಟರೆ ಭಟ್ಟಿ ತಣ್ಣಗಿದೆ ಎಂದುಕೊಂಡು ಕಂಟ್ರೋಲರ್ ಕಾಯಿಸುತ್ತಲೇ ಇರುತ್ತದೆ.

ದಿನಾ ಬೆಳಿಗ್ಗೆ ಭಟ್ಟಿಯೊಳಗೆ ಲೋಡ್ ಇಳಿಸುವ ಮೊದಲು ನಮ್ಮ ಹಿರಿಯ ಆಪರೇಟರ್ ಬಂದು ಕೇಳುತ್ತಾರೆ, "ಕೂಗಸ್ಲೇನ್ರಿ ಸಾಹೇಬ್ರ?" "ಹೂಂ ಕಾಕಾ, ಕೂಗಸ್ರಿ." ಅವರು ಥರ್ಮೋಕಪಲ್ ಪ್ಲಗ್ ಹಿರಿಯುತ್ತಾರೆ. ಒಳಗೆ ರಿಲೇ ಸಣ್ಣಗೆ ಟಕ್ ಎನ್ನುತ್ತದೆ, ಪ್ಯಾನೆಲ್‌ನಲ್ಲಿ ಕಾಂಟ್ಯಾಕ್ಟರ್ ಧಡ್ ಎಂದು ಬಿಡುತ್ತದೆ, ಹೂಟರ್ ಕೂಗುತ್ತದೆ. ಪ್ಲಗ್ ತಿರುಗಿ ಚುಚ್ಚಿದರೂ ಸುಮ್ಮನಾಗುವುದಿಲ್ಲ, ಲ್ಯಾಚ್ ಹಾಕಿರುವುದರಿಂದ ಯಾರಾದರೂ ಬಂದು ಬಟನ್ ಒತ್ತಲೇಬೇಕು. ಆ ಮೂರೂ ಸದ್ದು ಸಾಲಾಗಿ ಬಂದ ಮೇಲೇ ಬುಟ್ಟಿ ಭಟ್ಟಿಯೊಳಗೆ ಇಳಿಯುವುದು.

ಲೋ ಅಲಾರಮ್ಮಿಗೆ ಸ್ಟ್ಯಾಂಡ್‌ಬೈ ಇರುವುದೂ ಒಳ್ಳೆಯದಾಯಿತು. ತಣ್ಣಗಿನ ಭಟ್ಟಿ ಒಮ್ಮೆ ಸೆಟ್ ಪಾಯಿಂಟ್ ಹತ್ತಿರ ಬರುವವರೆಗೆ ಅದು ಬಾಯಿ ಬಿಡುವುದಿಲ್ಲ.

ಇನ್ನು ಬೇಸರದ ಮಾತು. ಮೊದಲು ಹೀಟಿಂಗೂ ರಿಲೇ ಮೇಲೇ ಇತ್ತು. ಕಂಪನಿಯವರು ಸೈಕಲ್ ಟೈಮನ್ನು (ಹೀಟರ್ ಒಮ್ಮೆ ಆನ್ ಆಗಿ ಆಫ್ ಆಗುವ ಸುತ್ತಿನ ಹೊತ್ತನ್ನು) 2 ಸೆಕೆಂಡಿಗೆ ಇಟ್ಟು ಕಳಿಸಿದ್ದರು. ಅದು ಎಸ್‌ಎಸ್‌ಆರ್‌ಗೆ (ಅಲುಗುವ ಭಾಗವಿಲ್ಲದ ಸಾಲಿಡ್ ಸ್ಟೇಟ್ ರಿಲೇಗೆ) ತಕ್ಕ ಲೆಕ್ಕ. ಔಟ್‌ಪುಟ್ಟನ್ನು ರಿಲೇ ಎಂದು ಬದಲಿಸಿದರೂ ಆ ಅಂಕಿ ಬದಲಾಗುವುದಿಲ್ಲ, ಮ್ಯಾನುಯಲ್‌ನಲ್ಲಿ ಎಚ್ಚರಿಕೆಯೂ ಇಲ್ಲ. ಲೆಕ್ಕ ಹಾಕಿ ನೋಡಿ: 2 ಸೆಕೆಂಡಿಗೊಮ್ಮೆ ಅಂದರೆ ದಿನಕ್ಕೆ 43,200 ಸಲ. ಇಂಥ ರಿಲೇಗೆ ಪೂರ್ತಿ ಲೋಡ್‌ನಲ್ಲಿ ಆಯುಷ್ಯ ಸಾಮಾನ್ಯವಾಗಿ ಒಂದು ಲಕ್ಷ ಸಲ. ನಮ್ಮ ರಿಲೇ ನಡೆಸುತ್ತಿದ್ದುದು ಕಾಂಟ್ಯಾಕ್ಟರಿನ ಕಾಯಿಲನ್ನಷ್ಟೇ, ಅದು ಸಣ್ಣ ಲೋಡ್, ಅದಕ್ಕೆ ಇನ್ನಷ್ಟು ಬಾಳುತ್ತದೆ ನಿಜ, ಆದರೆ ಆಚೆಯ ಕಾಂಟ್ಯಾಕ್ಟರ್ ಏನಾಗಬೇಕು? 20 ಸೆಕೆಂಡಿಗೆ ಏರಿಸಿದರೂ ದಿನಕ್ಕೆ 4,320. ನಾಲ್ಕು ರಿಲೇ ಎಂದು ದುಡ್ಡು ತೆಗೆದುಕೊಳ್ಳುವವರು ಈ ಒಂದು ಸಾಲು ಬರೆಯಬೇಕಿತ್ತು. ಇದು ನನಗೆ ಇಂದಿಗೂ ಸಿಟ್ಟು.

ಕೊನೆಗೆ ಹೀಟಿಂಗನ್ನು ಎಸ್‌ಎಸ್‌ಆರ್‌ಗೆ ಬದಲಿಸಿದೆವು. ಎಸ್‌ಎಸ್‌ಆರ್ ಕೆಟ್ಟರೆ ಬಹಳ ಸಲ ಶಾರ್ಟ್ ಆಗಿಯೇ ಕೆಡುತ್ತದೆ, ಅಂದರೆ ಹೀಟರ್ ಆನ್ ಆಗಿಯೇ ಉಳಿಯುತ್ತದೆ. ಆಗ ಕೈಹಿಡಿಯುವುದು ಅದೇ ಫೇಲ್‌ಸೇಫ್ ರಿಲೇ. ಕಾಂಟ್ಯಾಕ್ಟರ್ ಕಾಯಿಲಿಗೆ ಒಂದು ಆರ್‌ಸಿ ಸ್ನಬ್ಬರ್ ಹಾಕಿಸಿ, ರಿಲೇಯಲ್ಲಿ ಕಿಡಿ ಕಡಿಮೆಯಾಗುತ್ತದೆ.

ಪಿಎಲ್‌ಸಿ (ಯಂತ್ರಗಳನ್ನು ಪ್ರೋಗ್ರಾಂ ಮೇಲೆ ನಡೆಸುವ ಕಂಪ್ಯೂಟರ್) ಹಾಕುವ ಬಜೆಟ್ ಇಲ್ಲದ ನಮ್ಮಂಥವರಿಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ಆದರೆ ಇದೊಂದನ್ನೇ ನಂಬಿ ಕೂರಬೇಡಿ. ಥರ್ಮೋಕಪಲ್ ಹಳತಾಗಿ ಕಡಿಮೆ ತೋರಿಸತೊಡಗಿದರೆ ನಾಲ್ಕೂ ರಿಲೇ ಅದೇ ಸುಳ್ಳನ್ನು ನಂಬುತ್ತವೆ. ಮುಂದಿನ ಭಟ್ಟಿಗೆ ನಾನು ಎರಡೇ ರಿಲೇಯ ಕಂಟ್ರೋಲರ್ ತಗೊಂಡು, ಉಳಿದ ದುಡ್ಡಿನಲ್ಲಿ ಬೇರೆ ಸೆನ್ಸರಿನ ಪ್ರತ್ಯೇಕ ಲಿಮಿಟ್ ಕಂಟ್ರೋಲರ್ (ಕಾವು ಮಿತಿ ಮೀರಿದರೆ ಭಟ್ಟಿ ಬಂದ್ ಮಾಡುವುದು) ಹಾಕಿಸುವವನಿದ್ದೇನೆ.