ಮಂಕಾದ ಹೆಡ್‌ಲೈಟ್: ಎಡಗಡೆಗೆ ಕಿಟ್, ಬಲಗಡೆಗೆ ವಾಟರ್ ಪೇಪರ್ ಮತ್ತು ಕ್ಲಿಯರ್ ಕೋಟ್

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ) ಮತ್ತು 2ಕೆ ಕ್ಲಿಯರ್ ಕೋಟ್‌ಗೆ, ಅಂದರೆ ಎರಡು ದ್ರವ ಬೆರೆತು ಗಟ್ಟಿಯಾಗುವ ಪಾರದರ್ಶಕ ಸ್ಪ್ರೇ ಲೇಪನಕ್ಕೆ. ಟೂತ್‌ಪೇಸ್ಟ್ ಹಚ್ಚಿ ನೋಡಿದ್ದೇನೆ. ರೆಡಿಮೇಡ್ ಕಿಟ್ ತಂದು ನೋಡಿದ್ದೇನೆ. ಕೊನೆಗೆ ಬಂದು ನಿಂತಿದ್ದು ಇಲ್ಲಿ. ಕಿಟ್ ಮತ್ತು ಕ್ಲಿಯರ್ ಕೋಟ್ ಎರಡನ್ನೂ ಒಂದೇ ಕಾರಿಗೆ, ಒಂದೇ ವಾರದಲ್ಲಿ ಮಾಡಿದೆ. ಎಡಗಡೆ ಲೈಟಿಗೆ ಕಿಟ್, ಬಲಗಡೆಯದಕ್ಕೆ ಕ್ಲಿಯರ್. ಹಾಗೇ ಹದಿನಾಲ್ಕು ತಿಂಗಳು ಓಡಿಸಿದೆ.

ನನ್ನ ಕಾರಿಗೆ ಹತ್ತು ವರ್ಷ ದಾಟಿದೆ. ನಿಲ್ಲುವುದು ಬಯಲಲ್ಲಿ, ನೆರಳಿಲ್ಲ. ನಾನು ಜಾಸ್ತಿ ಓಡಿಸುವುದು ರಾತ್ರಿ ಹೊತ್ತು. ಒಂದು ಮಳೆಯ ರಾತ್ರಿ ರಸ್ತೆ ಅಂಚಿನ ಬಿಳಿ ಗೆರೆಯೇ ಕಾಣಲಿಲ್ಲ, ಕಾರನ್ನು ಪಕ್ಕಕ್ಕೆ ಹಾಕಿ ಮಳೆ ಕಡಿಮೆಯಾಗುವ ತನಕ ಕಾದೆ. ಮರುದಿನ ಬಲ್ಬ್ ಬದಲಾಯಿಸಿದೆ. ಏನೇನೂ ವ್ಯತ್ಯಾಸ ಆಗಲಿಲ್ಲ. ಅಮೆರಿಕದ ವಾಹನ ಸವಾರರ ಸಂಘ ಎಎಎ 2018ರಲ್ಲಿ ಇದನ್ನು ಅಳೆದು ನೋಡಿತ್ತು. ಹಳದಿಗಟ್ಟಿದ ಹೆಡ್‌ಲೈಟ್ ಹೊಸದರ ಬೆಳಕಿನಲ್ಲಿ ಸುಮಾರು ಶೇ 20ರಷ್ಟನ್ನೇ ಕೊಡುತ್ತದಂತೆ. ಉಜ್ಜಿ ಸರಿ ಮಾಡಿದರೆ ಶೇ 70ರ ತನಕ ವಾಪಸ್ ಬರುತ್ತದೆ. ಪೂರ್ತಿ ನೂರು ಬೇಕಾದರೆ ಹೊಸ ಲೈಟೇ ಹಾಕಿಸಬೇಕು. ಅದರ ಬೆಲೆ ಕೇಳಿದ ಮೇಲೆ ನಾನು ಉಜ್ಜುವ ದಾರಿ ಹಿಡಿದೆ.

ಒಂದು ವಿಷಯ ಗೊತ್ತಿದ್ದರೆ ಉಳಿದದ್ದೆಲ್ಲ ಸುಲಭ. ಈಗಿನ ಹೆಡ್‌ಲೈಟಿನ ಮುಂಭಾಗ ಗಾಜಲ್ಲ, ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್. ಕಲ್ಲು ಬಡಿದರೆ ಸುಲಭವಾಗಿ ಒಡೆಯುವುದಿಲ್ಲ, ಆದರೆ ಬಿಸಿಲಿನ ಅತಿನೇರಳೆ ಕಿರಣ ತಡೆಯುವ ಶಕ್ತಿ ಅದಕ್ಕಿಲ್ಲ. ಅದಕ್ಕೇ ಕಾರ್ಖಾನೆಯಲ್ಲಿ ಮೇಲೊಂದು ತೆಳು ಗಟ್ಟಿ ಲೇಪನ ಕೊಡುತ್ತಾರೆ. ವರ್ಷಗಟ್ಟಲೆ ಬಿಸಿಲಿಗೆ ಅದು ಸವೆದು ಬಿರುಕು ಬಿಡುತ್ತದೆ, ಆಮೇಲೆ ಕೆಳಗಿನ ಪ್ಲಾಸ್ಟಿಕ್ಕೂ ಹಳದಿಯಾಗುತ್ತದೆ. ಅಂದರೆ ಕೆಲಸ ಎರಡು: ಹಳೆಯ ಲೇಪನವನ್ನು ಪೂರ್ತಿ ತೆಗೆಯುವುದು, ಹೊಸದನ್ನು ಹಾಕುವುದು. ಹೊಳಪು ಬರಿಸುವುದು ಇವೆರಡರ ನಡುವಿನ ಸಣ್ಣ ಕೆಲಸ.

ಟೂತ್‌ಪೇಸ್ಟ್ ಆ ನಡುವಿನ ಕೆಲಸ ಮಾತ್ರ ಮಾಡುತ್ತದೆ. ಅರ್ಧ ಗಂಟೆ ತಿಕ್ಕಿದೆ, ಚೆನ್ನಾಗೇ ಕಾಣಿಸಿತು, ಮೂರೇ ವಾರದಲ್ಲಿ ಮತ್ತೆ ಮೊದಲಿನ ಹಾಗೆ. ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ ಹೊಡೆದರೂ ಅಷ್ಟೇ, ಎಣ್ಣೆ ಇರುವ ತನಕ ಹೊಳಪು. ಸೊಳ್ಳೆ ಓಡಿಸುವ ಸ್ಪ್ರೇಯನ್ನಂತೂ ಖಂಡಿತ ಮುಟ್ಟಬೇಡಿ. ಅದರಲ್ಲಿ ಡೀಟ್ ಎಂಬ ಸೊಳ್ಳೆ ಓಡಿಸುವ ರಾಸಾಯನಿಕ ಇದ್ದರೆ ಪ್ಲಾಸ್ಟಿಕ್ಕಿನ ಮೇಲ್ಮೈಯನ್ನೇ ಕರಗಿಸುತ್ತದೆ, ಪಕ್ಕದ ಪೇಂಟಿಗೆ ಬಿದ್ದರೆ ಅದೂ ಹಾಳು.

ಇನ್ನು ಕಿಟ್. ನನಗೆ ಸಿಕ್ಕಿದ್ದರಲ್ಲಿ 1500, 2000, 3000 ನಂಬರಿನ ಪೇಪರ್ ಇದ್ದವು (ನಂಬರ್ ಹೆಚ್ಚಿದಷ್ಟೂ ಪೇಪರ್ ನುಣುಪು), ಒಂದು ಪಾಲಿಶ್, ಕೊನೆಗೆ ಒರೆಸಲು ಲೇಪನದಲ್ಲಿ ಅದ್ದಿದ ಒಂದು ಟಿಶ್ಯೂ. ನೋಡಲು ಅಚ್ಚುಕಟ್ಟು, ಬೆಲೆಯೂ ಕೈಗೆಟಕುವಂಥದ್ದು. ತೊಂದರೆ ಶುರುವಾಗಿದ್ದು ಆ 1500ರಿಂದಲೇ.

ಪೇಪರಿಗೆ ನೀರು ಹಾಕುತ್ತಾ ಉಜ್ಜಿದೆ. ಲೆನ್ಸ್ ಒದ್ದೆಯಿದ್ದಾಗ ಕನ್ನಡಿ ಹಾಗೆ ತಿಳಿಯಾಗಿ ಕಾಣಿಸಿತು. ಖುಷಿಯಾಗಿ ಮುಂದಿನ ಪೇಪರ್ ಹಿಡಿದೆ, ಅದಾದ ಮೇಲೆ ಇನ್ನೊಂದು. ಬಟ್ಟೆಯಲ್ಲಿ ಒರೆಸಿ ಒಣಗಲು ಬಿಟ್ಟರೆ, ನಡುವೆ ಅಲ್ಲಲ್ಲಿ ದ್ವೀಪಗಳು. ಭೂಪಟದಲ್ಲಿ ಬರೆದ ಹಾಗೆ ಅಂಕುಡೊಂಕು ಅಂಚು. ಬೆರಳ ತುದಿ ಆಡಿಸಿದರೆ ಅಂಚಿನಲ್ಲಿ ಸಣ್ಣ ಮೆಟ್ಟಿಲು ತಾಗುತ್ತದೆ. ಹಳೆಯ ಲೇಪನ ಪೂರ್ತಿ ಹೋಗೇ ಇರಲಿಲ್ಲ. ಸವೆದಿದ್ದ ಕಡೆ ಬಿಟ್ಟಿತ್ತು, ಗಟ್ಟಿಯಿದ್ದ ಕಡೆ ಕಚ್ಚಿಕೊಂಡೇ ಇತ್ತು.

ಮತ್ತೆ 1500ಕ್ಕೆ ವಾಪಸ್. ಇನ್ನೊಂದು ಮುಕ್ಕಾಲು ಗಂಟೆ. ಒದ್ದೆಯಿದ್ದಾಗ ಮಾಯ, ಒಣಗಿದಾಗ ಪ್ರತ್ಯಕ್ಷ. ಲೆನ್ಸಿನ ಮೇಲಂಚಿನಲ್ಲಿ, ಬಾನೆಟ್ಟಿಗೆ ತಾಗುವ ಆ ತಿರುವಿನಲ್ಲಂತೂ ಜಗ್ಗಲೇ ಇಲ್ಲ. ಪೇಪರ್ ಸವೆದು ನುಣ್ಣಗಾಯಿತು, ಕಿಟ್ಟಿನಲ್ಲಿ ಇದ್ದದ್ದೇ ಒಂದು ತುಂಡು. ಮೂರನೇ ಸಲ ಒಣಗಿಸಿ ನೋಡಿದಾಗಲೂ ಮೂಲೆಯಲ್ಲಿ ಎರಡು ದ್ವೀಪ ಉಳಿದಿದ್ದವು. ಕತ್ತಲಾಗುತ್ತಿತ್ತು. ಅದರ ಮೇಲೇ ಟಿಶ್ಯೂ ಒರೆಸಿ ಮುಗಿಸಿದೆ. ಅದನ್ನೂ ಒಂದೇ ದಿಕ್ಕಿನಲ್ಲಿ, ನಿಲ್ಲಿಸದೆ ಒರೆಸಬೇಕು. ಒಂದು ಕಡೆ ಕೈ ತಡೆದದ್ದಕ್ಕೆ ಗೆರೆ ಬಿತ್ತು, ಅದು ಹಾಗೇ ಒಣಗಿತು.

ಆಮೇಲೆ ತಿಳಿದಿದ್ದು, ನುಣುಪು ಪೇಪರಿನಿಂದ ಶುರು ಮಾಡಿದ್ದೇ ತಪ್ಪು. ಹಳೆಯ ಲೇಪನ ಕೀಳುವುದಕ್ಕೆ 600 ಅಥವಾ 800 ಬೇಕು. ಜೊತೆಗೆ ಒಂದು ಗುರುತು ಕಣ್ಣಿಟ್ಟು ನೋಡಬೇಕು. ಉಜ್ಜುವಾಗ ಲೆನ್ಸಿನಿಂದ ಇಳಿಯುವ ನೀರು ಮೊದಲು ಹಳದಿ ಹಾಲಿನಂತಿರುತ್ತದೆ, ಲೇಪನ ಹೋದ ಮೇಲೆ ಬೆಳ್ಳಗಾಗುತ್ತದೆ. ಬಣ್ಣ ಬಿಳಿಯಾಯಿತು ಅಂತ ನಂಬಿ ಬಿಡಬಾರದು, ಆಗ ನಿಲ್ಲಿಸಿ, ಒಣಗಿಸಿ, ಓರೆಯಾಗಿ ಬೆಳಕು ಬಿಟ್ಟು ನೋಡಬೇಕು. ಇಡೀ ಲೆನ್ಸ್ ಒಂದೇ ಸಮ ಮಂಜು ಬಿದ್ದ ಹಾಗೆ ಕಂಡರೆ ಮಾತ್ರ ಮುಂದಿನ ನಂಬರ್.

ಬಲಗಡೆ ಲೈಟನ್ನು ಹಾಗೇ ಮಾಡಿದೆ. ಸುತ್ತ ಮಾಸ್ಕಿಂಗ್ ಟೇಪ್ ಎರಡು ಸುತ್ತು, ಬಾನೆಟ್ ಮತ್ತು ಬಂಪರಿಗೆ ಹಳೆ ಪೇಪರ್ ಹೊದಿಕೆ. ಬಿಡಿ ವಾಟರ್ ಪೇಪರ್ ತಂದಿದ್ದರಿಂದ ಸವೆದ ಕೂಡಲೇ ಬದಲಾಯಿಸಬಹುದಿತ್ತು. 600, 800, ಕೊನೆಗೆ 1000, ಅಷ್ಟೇ. ಮೇಲೆ ಕ್ಲಿಯರ್ ಹೊಡೆಯುವುದಾದರೆ 3000ದ ತನಕ ಹೋಗುವುದೂ ಬೇಡ, ಪಾಲಿಶ್ಶೂ ಬೇಡ. 1000ದ ಸಣ್ಣ ಗೀರುಗಳನ್ನು ಕ್ಲಿಯರೇ ತುಂಬಿಕೊಳ್ಳುತ್ತದೆ, ಅದಕ್ಕೆ ಹಿಡಿದುಕೊಳ್ಳಲು ಆ ಒರಟು ಬೇಕು. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಧೂಳು ತೆಗೆದು, ಮೊದಲು ತೆಳುವಾಗಿ ಒಂದು ಪದರ, ಹತ್ತು ನಿಮಿಷ ಬಿಟ್ಟು ಎರಡು ತುಂಬು ಪದರ. ಎರಡನೇ ಪದರ ಬಿದ್ದ ಕ್ಷಣ ಆ ಮಂಜು ಕರಗಿ ಒಳಗಿನ ಬಲ್ಬಿನ ತಂತಿ ಸ್ಪಷ್ಟವಾಗಿ ಕಾಣಿಸಿತು. ಅದನ್ನು ನೋಡುತ್ತಾ ಸುಮ್ಮನೆ ನಿಂತುಬಿಟ್ಟೆ.

2ಕೆಗೆ ಎರಡು ಕೊರತೆ ಇವೆ. ಡಬ್ಬಿಯ ತಳದ ಗುಂಡಿ ಒತ್ತಿದರೆ ಒಳಗಿನ ಹಾರ್ಡನರ್ (ಲೇಪನವನ್ನು ಗಟ್ಟಿ ಮಾಡುವ ದ್ರವ) ಬೆರೆಯುತ್ತದೆ, ಆಮೇಲೆ ಒಂದೆರಡು ದಿನದಲ್ಲಿ ಒಳಗೇ ಗಟ್ಟಿಯಾಗುತ್ತದೆ. ಎರಡೂ ಲೈಟನ್ನು ಒಟ್ಟಿಗೆ ಮಾಡಿದರೆ ಮಾತ್ರ ಕಾಸಿಗೆ ತಕ್ಕ ಬೆಲೆ. ನಾನು ಒಂದನ್ನೇ ಮಾಡಿದ್ದರಿಂದ ಮುಕ್ಕಾಲು ಡಬ್ಬಿ ಹಾಳಾಯಿತು. ಎರಡನೆಯದು ದೊಡ್ಡ ವಿಷಯ: ಹಾರ್ಡನರಿನಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ, ಉಸಿರಾಟಕ್ಕೆ ಕೆಟ್ಟದ್ದು. ಬಟ್ಟೆಯ ಮಾಸ್ಕ್ ಸಾಲದು. ಪೇಂಟ್ ಕೆಲಸಕ್ಕೆ ಹಾಕುವ ಫಿಲ್ಟರ್ ಇರುವ ಮಾಸ್ಕ್, ಗ್ಲೌಸ್, ಕನ್ನಡಕ ಹಾಕಿ ಬಯಲಲ್ಲೇ ಹೊಡೆಯಬೇಕು. ಮಕ್ಕಳು ಹತ್ತಿರ ಸುಳಿಯಬಾರದು. ಇಷ್ಟು ವ್ಯವಸ್ಥೆ ಆಗದಿದ್ದರೆ ಕಿಟ್ಟೇ ಮಾಡಿ, ಆದರೆ 800ರ ಎರಡು ಹಾಳೆ ಬೇರೆ ತಂದಿಟ್ಟುಕೊಳ್ಳಿ.

ಕಿಟ್ ಹಾಕಿದ ಎಡಗಡೆ ಏಳನೇ ತಿಂಗಳಿಗೆ ಮೇಲಂಚಿನಿಂದ ಮಂಕಾಗತೊಡಗಿತು. ಶುರುವಾಗಿದ್ದು ಆ ಎರಡು ದ್ವೀಪಗಳ ಸುತ್ತಲೇ. ವರ್ಷ ತುಂಬುವಾಗ ಅರ್ಧ ಲೆನ್ಸ್ ಹೋಗಿತ್ತು. ಬಲಗಡೆ ಹದಿನಾಲ್ಕು ತಿಂಗಳಾದರೂ ಹೊಡೆದ ದಿನದ ಹಾಗೇ ಇದೆ, ಸಣ್ಣ ಕಲ್ಲು ತಾಗಿದ ಒಂದು ಚುಕ್ಕೆ ಬಿಟ್ಟರೆ. ನ್ಯಾಯವಾಗಿ ಹೇಳಬೇಕೆಂದರೆ ಕಾರು ನಿಲ್ಲುವ ಜಾಗದಲ್ಲಿ ಎಡಗಡೆಗೇ ಮಧ್ಯಾಹ್ನದ ಬಿಸಿಲು ಜಾಸ್ತಿ. ಆದರೂ ಇಷ್ಟೊಂದು ವ್ಯತ್ಯಾಸಕ್ಕೆ ಅದೊಂದೇ ಕಾರಣ ಅಂತ ನನಗೆ ಅನ್ನಿಸುವುದಿಲ್ಲ.

ಲೆನ್ಸಿನ ಒಳಗಡೆ ಹಬೆ ಕಟ್ಟುತ್ತಿದ್ದರೆ ಇದ್ಯಾವುದೂ ಉಪಯೋಗವಿಲ್ಲ, ಅದು ಸೀಲಿನ ಸಮಸ್ಯೆ. ಕಾರು ಶೆಡ್ಡಿನಲ್ಲಿ ನಿಲ್ಲುತ್ತದೆ, ರಾತ್ರಿ ಓಡಿಸುವುದೇ ಅಪರೂಪ ಅನ್ನುವವರಿಗೆ ಕಿಟ್ ಸಾಕು. ನನಗೆ ಎಂಟು ತಿಂಗಳಿಗೊಮ್ಮೆ ಅರ್ಧ ದಿನ ಉಜ್ಜುತ್ತಾ ಕೂರುವ ತಾಳ್ಮೆ ಇಲ್ಲ.

ಕಳೆದ ತಿಂಗಳು ಎಡಗಡೆಯದನ್ನೂ 600ರಿಂದ ಉಜ್ಜಿ ಕ್ಲಿಯರ್ ಹೊಡೆದೆ. ಈ ಸಲ ಗುಂಡಿ ಒತ್ತುವ ಮೊದಲೇ ಪಕ್ಕದ ಮನೆಯವರ ಕಾರಿನ ಎರಡೂ ಲೈಟ್ ಉಜ್ಜಿ, ಟೇಪ್ ಹಾಕಿ ಇಟ್ಟುಕೊಂಡಿದ್ದೆವು. ಡಬ್ಬಿ ಪೂರ್ತಿ ಖಾಲಿಯಾಯಿತು.