ಆರ್‌ಸಿಸ್‌ಲಾಗ್: ನೆಟ್ ಹೋದರೂ ಲಾಗ್ ಉಳಿಯುತ್ತದೆ, ಆದರೆ ಆ ಕಾನ್ಫಿಗ್ ಫೈಲ್!

ಆರ್‌ಸಿಸ್‌ಲಾಗ್ ಅಂದರೆ ಲಿನಕ್ಸ್ ಮಷೀನಿನ ಲಾಗನ್ನು (ಮಷೀನಿನಲ್ಲಿ ಏನೇನಾಯಿತು ಅನ್ನೋ ದಾಖಲೆಯ ಸಾಲುಗಳು) ಬರೆದಿಟ್ಟು, ಬೇರೆ ಮಷೀನಿಗೂ ಕಳಿಸುವ ಉಚಿತ ಸಾಫ್ಟ್‌ವೇರ್. ಒಂದೇ ಮಷೀನ್ ಇರುವವರಿಗೆ ಇದು ಬೇಡ, ಹೆಚ್ಚಿನ ಲಿನಕ್ಸ್‌ಗಳ ಜೊತೆಗೇ ಬರುವ ಜರ್ನಲ್‌ಡಿ ಸಾಕು. ನಮ್ಮದು ಜಯನಗರದಲ್ಲಿ ಆಫೀಸು, ಪೀಣ್ಯದಲ್ಲಿ ವರ್ಕ್‌ಶಾಪು, ಎರಡೂ ಕಡೆ ಲಿನಕ್ಸ್ ಸರ್ವರ್. ಲಾಗ್ ಎಲ್ಲಾ ಒಂದೇ ಕಡೆ ಬಂದು ಬೀಳಬೇಕು. ಇದಕ್ಕೆಲ್ಲ ದುಡ್ಡು ಕೇಳಿದರೆ ಓನರ್ ನಗುತ್ತಾರೆ. ಹಾಗಾಗಿ ಎಸ್.ಪಿ. ರಸ್ತೆಯಿಂದ ತಂದ ಹಳೇ ಡೆಸ್ಕ್‌ಟಾಪ್ ಮೇಲೆ ಆರ್‌ಸಿಸ್‌ಲಾಗ್ ಓಡಿಸುತ್ತಾ ವರ್ಷಗಳಾದವು.

ನನ್ನ ಮನಸ್ಸು ಗೆದ್ದಿದ್ದು ಅದರ ಡಿಸ್ಕ್ ಕ್ಯೂ, ಅಂದರೆ ಕಳಿಸಲಾಗದ ಸಾಲುಗಳು ಡಿಸ್ಕ್‌ನಲ್ಲಿ ಕಾಯುವ ಜಾಗ. ಜೋರು ಮಳೆ ಬಂದರೆ ಪೀಣ್ಯದಲ್ಲಿ ನೆಟ್ ಕೈಕೊಡುತ್ತದೆ. ಕಾನ್ಫಿಗ್ ಫೈಲಿನಲ್ಲಿ, ಅಂದರೆ ಸೆಟ್ಟಿಂಗ್ ಬರೆಯುವ ಫೈಲಿನಲ್ಲಿ, ಲಾಗ್ ಹೋಗಬೇಕಾದ ಸರ್ವರ್ ವಿಳಾಸಕ್ಕೆ ಮೊದಲು ಒಂದು @ ಇದ್ದರೆ ಯುಡಿಪಿ ಅನ್ನೋ ವಿಧಾನದಲ್ಲಿ ಹೋಗುತ್ತದೆ. ಕಳಿಸಿದ್ದು ತಲುಪಿತಾ ಅಂತ ಅದು ಕೇಳೋದೇ ಇಲ್ಲ. ಎರಡು @ ಇದ್ದರೆ ತಲುಪಿತಾ ಅಂತ ವಿಚಾರಿಸುವ ಟಿಸಿಪಿ, ಆದರೆ ಅದೊಂದೇ ಸಾಲದು. ಫಾರ್ವರ್ಡ್ ಆಕ್ಷನ್‌ಗೆ (ಲಾಗನ್ನು ಮುಂದೆ ಕಳಿಸು ಅನ್ನೋ ಆದೇಶ) ಕ್ಯೂ ಕೊಟ್ಟು, ಆ ಕ್ಯೂಗೆ ಫೈಲ್ ಹೆಸರಿಟ್ಟು, ರಿಟ್ರೈ ಕೌಂಟ್ -1 (ಬಿಡದೆ ಪ್ರಯತ್ನಿಸುತ್ತಿರು ಅಂತ) ಮಾಡಬೇಕು. ಆಮೇಲೆ ಮಜಾ ನೋಡಿ. ಲೈನ್ ಕಟ್ಟಾದಾಗ ಸಾಲುಗಳು ಮೊದಲು ಮೆಮೊರಿಯಲ್ಲಿ ಕಾಯುತ್ತವೆ, ಜಾಸ್ತಿಯಾದರೆ ಡಿಸ್ಕ್‌ಗೆ ಇಳಿಯುತ್ತವೆ. ನೆಟ್ ಬಂದ ಕೂಡಲೇ ರಾತ್ರಿ ಎರಡು ಗಂಟೆಯ ಸಾಲುಗಳು ಬೆಳಿಗ್ಗೆ ಒಂಬತ್ತಕ್ಕೆ ನನ್ನ ಸ್ಕ್ರೀನ್ ಮೇಲೆ ದಬದಬ ಉದುರುತ್ತವೆ, ಅವವೇ ಹಳೇ ಟೈಮ್ ಹೊತ್ತುಕೊಂಡು. ಯುಪಿಎಸ್ ಬ್ಯಾಟರಿಗೆ ಯಾವಾಗ ಹೋಯಿತು ಅಂತ ವರ್ಕ್‌ಶಾಪಿನವರನ್ನು ಕೇಳಬೇಕಾಗಿಲ್ಲ. ಯುಪಿಎಸ್ಸೇ ಸತ್ತು ಮಷೀನ್ ದಿಢೀರ್ ಆಫ್ ಆದರೆ ಮಾತ್ರ ಮೆಮೊರಿಯಲ್ಲಿದ್ದದ್ದು ಹೋದ ಹಾಗೇ.

ದಿನಾ ಕಾಫಿ ಬರೋ ಮೊದಲು ಪೀಣ್ಯದ ಮಷೀನಿಗೆ ಲಾಗಿನ್ ಆಗಿ, ಲಾಗ್‌ಗೆ ಒಂದು ಸಾಲು ಸೇರಿಸುವ ಲಾಗರ್ ಕಮಾಂಡ್‌ನಲ್ಲಿ ‘ತಿಂಡಿ ಆಯ್ತಾ’ ಅಂತ ಹೊಡೆಯುತ್ತೇನೆ. ಇತ್ತ ಹೊಸ ಸಾಲು ಬಂದ ಹಾಗೇ ತೋರಿಸುವ ಟೇಲ್ ಕಮಾಂಡ್ ಓಡುತ್ತಿರುವ ಕಿಟಕಿಯಲ್ಲಿ ಅದು ಕಂಡರೆ ದಾರಿ ಸರಿ ಇದೆ ಅಂತ ಅರ್ಥ. ಹುಡುಗರು ನಗುತ್ತಾರೆ, ನಗಲಿ.

ಇನ್ನು ಕಾನ್ಫಿಗ್ ಫೈಲ್. ಅಬ್ಬಾ! 2004ರಿಂದ ಬಂದಿದ್ದನ್ನೆಲ್ಲ ಹಾಗೇ ಉಳಿಸಿಕೊಂಡಿದ್ದಾರೆ. ಹಳೇ ಸಿಸ್‌ಲಾಗ್ ಶೈಲಿಯ ಸಾಲು, ಡಾಲರ್ ಗುರುತಿನ ಸಾಲು, ರೈನರ್‌ಸ್ಕ್ರಿಪ್ಟ್ ಅನ್ನೋ ಹೊಸ ಶೈಲಿ, ಮೂರೂ ಒಂದೇ ಫೈಲಿನಲ್ಲಿ. ಅದರಲ್ಲೂ ಕ್ಯೂ ಬಗ್ಗೆ ಬರೆದ ಡಾಲರ್ ಸಾಲು ಅದರ ಮುಂದಿನ ಆಕ್ಷನ್‌ಗೆ ಮಾತ್ರ ಅನ್ವಯ. ಸಾಲು ಮೇಲೆ ಕೆಳಗೆ ಆದರೆ ಯಾವ ಎರರ್ರೂ ಇಲ್ಲ, ಸುಮ್ನೆ ಕ್ಯೂ ಇರಲ್ಲ ಅಷ್ಟೇ. ಇದು ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ. ಹೊಸಬರು ಪೂರ್ತಿ ರೈನರ್‌ಸ್ಕ್ರಿಪ್ಟ್‌ನಲ್ಲೇ ಬರೆಯಿರಿ, ರೀಸ್ಟಾರ್ಟ್‌ಗೆ ಮೊದಲು rsyslogd -N1 ಅಂತ ಕೊಟ್ಟು ಫೈಲ್ ಚೆಕ್ ಮಾಡಿ.

ಐದಕ್ಕೆ ನಾಲ್ಕು ಸ್ಟಾರ್. ಡೆಬಿಯನ್ ಅನ್ನೋ ಲಿನಕ್ಸ್‌ನಲ್ಲಿ 12ನೇ ಆವೃತ್ತಿಯಿಂದ ಇದು ತಾನಾಗಿ ಬರುವುದಿಲ್ಲ, ನೀವೇ ಹಾಕಿಕೊಳ್ಳಬೇಕು. ನಮ್ಮ ಥರ ಹಳೇ ಡಿಸ್ಕ್ ಇದ್ದರೆ ಕ್ಯೂಗೆ ಮ್ಯಾಕ್ಸ್ ಡಿಸ್ಕ್ ಸ್ಪೇಸ್ ಮಿತಿಯನ್ನೂ ಕೊಡಿ. ನಾನು 1 ಜಿಬಿ ಇಟ್ಟಿದ್ದೇನೆ.