ಏರಿ ಬುಡದ ನೀರು ಕೆಂಪಾದರೆ ಬೆಳಗಾಗಲಿ ಅಂತ ಕಾಯಬೇಡಿ

ತೋಟದಲ್ಲಿ ಮಣ್ಣಿನ ಏರಿ ಹಾಕಿಸಿ ಕೆರೆ ಮಾಡಿಕೊಂಡವರು, ಈ ಬೇಸಿಗೆಯಲ್ಲಿ ಮಾಡಿಸೋಣ ಅಂತ ಹಿಟಾಚಿಯವರ ಹತ್ತಿರ ಮಾತಾಡುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಹೋದ ವರ್ಷ ಜುಲೈನಲ್ಲಿ ನಮ್ಮ ಕೆರೆ ಒಡೆದುಹೋಯಿತು. ಯಾರ ಜೀವಕ್ಕೂ ಏನೂ ಆಗಲಿಲ್ಲ. ಅದಕ್ಕೆ ಕಾರಣ ತೋಟದ ಕೆಲಸಗಾರರ ಲೈನ್‌ಮನೆಯ ಒಬ್ಬ ಹುಡುಗ.

ನಮ್ಮದು ಕೊಡಗಿನ ಮಾದಾಪುರದ ಕಡೆ ರೋಬಸ್ಟಾ ಕಾಫಿ ತೋಟ. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಹಾಕದೆ ವಿಧಿಯಿಲ್ಲ. ಎರಡು ವರ್ಷ ಮಳೆ ತಪ್ಪಿದ ಮೇಲೆ ಗದ್ದೆಯ ಮೇಲಿನ ತೋಡಿಗೆ (ಸಣ್ಣ ಹಳ್ಳಕ್ಕೆ) ಅಡ್ಡಲಾಗಿ 18 ಅಡಿ ಎತ್ತರದ ಏರಿ ಹಾಕಿಸಿದೆ. ಮಾಡಿಕೊಟ್ಟವರು ಈ ಭಾಗದಲ್ಲಿ ಹತ್ತಾರು ಕೆರೆ ಮಾಡಿದ್ದೇವೆ ಅಂದರು. ಗಂಟೆ ಲೆಕ್ಕದಲ್ಲಿ ಹಿಟಾಚಿ, 11 ದಿನದಲ್ಲಿ ಕೆಲಸ ಮುಗಿಯಿತು. ತುಂಬಿದಾಗ ನೀರು ಸುಮಾರು ಒಂದು ಎಕರೆ ನಿಲ್ಲುತ್ತಿತ್ತು.

ಒಂದು ಎಕರೆ ಅಂದರೆ ಯಾರಿಗೂ ಹೆದರಿಕೆ ಆಗುವುದಿಲ್ಲ. ಸರಾಸರಿ 10 ಅಡಿ ಆಳ ಹಿಡಿದರೂ 1 ಕೋಟಿ 20 ಲಕ್ಷ ಲೀಟರ್, ಅಂದರೆ 12 ಸಾವಿರ ಟನ್ ನೀರು. ಅದರ ಕೆಳಗೆ ನಾಲ್ಕು ಲೈನ್‌ಮನೆ, ಆಚೆ ಪಕ್ಕದವರ ಗದ್ದೆ. ಈ ಲೆಕ್ಕವನ್ನು ನಾನು ಹಾಕಿದ್ದು ಎಲ್ಲಾ ಮುಗಿದ ಮೇಲೆ.

ಕೆಲಸ ನಡೆಯುವಾಗ ನಾನು ದಿನಾ ಅಲ್ಲೇ ಇದ್ದೆ, ಆದರೆ ಏನು ನೋಡಬೇಕು ಅನ್ನುವುದು ಗೊತ್ತಿರಲಿಲ್ಲ. ಏರಿ ಕೂರುವ ಜಾಗದ ಮೇಲ್ಮಣ್ಣು, ಬೇರು, ಕೊಳೆತ ಎಲೆ ಪೂರ್ತಿ ತೆಗೆದು, ಗಟ್ಟಿ ನೆಲ ಸಿಗುವವರೆಗೆ ಕಂದಕ ತೋಡಿ, ಅದಕ್ಕೆ ಜೇಡಿಮಣ್ಣು ತುಂಬಿ ದಮ್ಮಸ್ಸು ಮಾಡಬೇಕು. ನಮ್ಮಲ್ಲಿ ಹುಲ್ಲಿನ ಮೇಲೇ ಮಣ್ಣು ಬಿತ್ತು. ಅರ್ಧ, ಮುಕ್ಕಾಲು ಅಡಿಯ ಪದರ ಹಾಸಿ, ಹದವಾದ ಪಸೆಯಲ್ಲಿ ರೋಲರ್ ಓಡಿಸಿ, ಆಮೇಲೆ ಮುಂದಿನ ಪದರ ಹಾಕಬೇಕು. ಇವರು ಬಕೆಟ್ ಬಕೆಟ್ ಸುರಿದು, ಮೇಲೆ ಹಿಟಾಚಿಯನ್ನೇ ಎರಡು ಸಲ ಓಡಾಡಿಸಿ ಕೂತಿದೆ ಅಂದರು. ನೀರು ಬಿಡಲು ಏರಿಯ ಹೊಟ್ಟೆಯೊಳಗೆ 6 ಇಂಚಿನ ಪಿವಿಸಿ ಪೈಪ್ ಮಲಗಿಸಿದರು. ನುಣುಪಾದ ಪೈಪಿನ ಅಡಿಭಾಗಕ್ಕೆ ಮಣ್ಣು ಗಟ್ಟಿಯಾಗಿ ಅಂಟುವುದಿಲ್ಲ, ನೀರು ಆ ಸಂದಿಯನ್ನೇ ಹಿಡಿಯುತ್ತದೆ. ನಮ್ಮಲ್ಲಿ ಆದದ್ದೂ ಅದೇ.

ಇನ್ನೊಂದು ತಪ್ಪು ಪೂರ್ತಿ ನನ್ನದು. ಬೇಸಿಗೆಗೆ ಎರಡು ಅಡಿ ಜಾಸ್ತಿ ನೀರು ನಿಲ್ಲಲಿ ಅಂತ ಹೆಚ್ಚಾದ ನೀರು ಹೊರಹೋಗುವ ಕೋಡಿಗೆ ಮರಳು ಚೀಲ ಪೇರಿಸಿದ್ದೆ. ಜೂನ್ ಬಂತು, ಚೀಲ ತೆಗೆಸಲಿಲ್ಲ. ಮಣ್ಣಿನ ಏರಿಯ ಮೇಲೆ ನೀರು ಹರಿಯತೊಡಗಿದರೆ ಕೆಲವೇ ಗಂಟೆಯಲ್ಲಿ ಕೊಚ್ಚಿಹೋಗಬಹುದು. ಅದನ್ನು ತಡೆಯುವುದು ಕೋಡಿ ಒಂದೇ, ಅದನ್ನೇ ನಾನು ಮುಚ್ಚಿದ್ದೆ.

ಏರಿಯ ಬುಡದಲ್ಲಿ ಮೊದಲ ಮಳೆಗಾಲದಿಂದಲೇ ಒಸರು ಇತ್ತು. ಕೆರೆ ಮಾಡಿಕೊಟ್ಟವರಿಗೆ ಫೋನ್ ಮಾಡಿದರೆ "ಮಣ್ಣಿನ ಏರಿ ಬೆವರುತ್ತೆ ಅಕ್ಕ, ತಲೆ ಕೆಡಿಸ್ಕೋಬೇಡಿ" ಅಂದರು. ತಿಳಿನೀರು ಒಂದೇ ಸಮ ಜಿನುಗುತ್ತಿದ್ದರೆ ಕಣ್ಣಿಟ್ಟು ಕಾಯಬಹುದು, ಆ ಮಾತಿನಲ್ಲಿ ಅಷ್ಟು ನಿಜ ಇದೆ. ಆದರೆ ಜುಲೈನ ಆ ವಾರ ನಮ್ಮ ಮಳೆಮಾಪಕದಲ್ಲಿ ಒಂದೇ ದಿನ 7 ಇಂಚು 20 ಸೆಂಟ್, ಅಂದರೆ 7.2 ಇಂಚು ಮಳೆ ಬಿತ್ತು. ಮಾರನೇ ದಿನ ಮಧ್ಯಾಹ್ನ ಆ ಹುಡುಗ ನೆನೆದುಕೊಂಡು ಬಂದ. "ಅಕ್ಕಾ, ಪೈಪ್ ಹತ್ರ ನೀರು ಕೆಂಪಗೆ ಬರ್ತಾ ಇದೆ."

ಒಂದು ಸ್ಟೀಲ್ ಲೋಟದಲ್ಲಿ ಹಿಡಿದು ತಂದು ಜಗಲಿಯ ಮೇಲೆ ಇಟ್ಟೆ. ಅರ್ಧ ಗಂಟೆ ಬಿಟ್ಟು ಮೇಲಿನ ನೀರು ಬಸಿದು ನೋಡಿದರೆ ತಳದಲ್ಲಿ ಒಂದು ಬೆರಳಿನಷ್ಟು ಕೆಂಪು ಮಣ್ಣು. ಅದು ಏರಿಯೊಳಗಿನ ಮಣ್ಣು. ಒಳಗಡೆ ಬಿಲ ಆಗುತ್ತಿದೆ, ಆ ಬಿಲ ಬುಡದಿಂದ ಕೆರೆಯ ಕಡೆಗೆ ಬೆಳೆಯುತ್ತಿದೆ ಅಂತ ಅದರ ಅರ್ಥ. ಕೆರೆ ಮಾಡಿಕೊಟ್ಟವರು ಫೋನಿನಲ್ಲೇ ಜೇಡಿಮಣ್ಣು ಮೆತ್ತಿ ಮುಚ್ಚಿಬಿಡಿ ಅಂದರು. ಮುಚ್ಚಿದೆವು. ಹತ್ತು ಅಡಿ ಆಚೆ ಇನ್ನೊಂದು ಕಡೆ ಕಿತ್ತುಕೊಂಡಿತು. ಬಾಯಿ ಮುಚ್ಚಲೇಬಾರದು. ನೀರು ಹೊರಬರಲಿ, ಮಣ್ಣು ಮಾತ್ರ ಬರದ ಹಾಗೆ ದಪ್ಪ ಮರಳು, ಅದರ ಮೇಲೆ ಜಲ್ಲಿ, ಅದರ ಮೇಲೆ ಕಲ್ಲು ಹೇರಬೇಕು. ಕೋಡಿ ಬಿಡಿಸಿ ಕೆರೆಯ ಮಟ್ಟ ಇಳಿಸಬೇಕು. ನಿಧಾನವಾಗಿ ಇಳಿಸಿ, ದಿಢೀರ್ ಇಳಿಸಿದರೆ ಏರಿಯ ನೆನೆದ ಒಳಮೈ, ಅಂದರೆ ಕೆರೆ ಕಡೆಯ ಇಳಿಜಾರು, ಜಾರುತ್ತದೆ. ಇದನ್ನೆಲ್ಲ ಹೇಳಿದ್ದು ನೀರಾವರಿ ಕೆಲಸದಿಂದ ನಿವೃತ್ತರಾದ ನಮ್ಮ ಚಿಕ್ಕಪ್ಪ. ಅವರಿಗೆ ಫೋನ್ ಸಿಕ್ಕಿದಾಗ ಸಂಜೆ ಆಗಿತ್ತು. ಅವರ ಮೊದಲ ಮಾತು ಮಾತ್ರ ಇಷ್ಟೇ: "ಕೆಳಗಿನವರನ್ನ ಈಗಲೇ ಎಬ್ಸು."

ನಾಲ್ಕು ಮನೆಯವರೂ, ಎಂಟು ತಿಂಗಳ ಒಂದು ಮಗು ಸೇರಿ, ರಾತ್ರಿ ನಮ್ಮ ಕಾಫಿ ಗೋದಾಮಿಗೆ ಬಂದರು. ಮೂರೂವರೆಗೆ ಏರಿ ಹೋಯಿತು. ಮರ ಮುರಿಯುವಂಥ ಸದ್ದು, ಆಮೇಲೆ ಬಹಳ ಹೊತ್ತು ನೀರಿನ ಸದ್ದು. ಬೆಳಿಗ್ಗೆ ಎರಡು ಮನೆಯ ಗೋಡೆ ಇರಲಿಲ್ಲ. ಪಕ್ಕದವರು ನಾಟಿ ಮಾಡಿ ಹತ್ತು ದಿನ ಆಗಿದ್ದ ಗದ್ದೆಯ ಮೇಲೆ ಮೊಣಕಾಲುದ್ದ ಮಣ್ಣು.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದಲ್ಲಿ ಗುಡ್ಡ ಜರಿದದ್ದನ್ನು ಕಂಡವರು ನಾವು. ಅದೇ ವರ್ಷ ಮೇ ತಿಂಗಳಲ್ಲಿ ಕೀನ್ಯಾದ ಸೊಲಾಯ್‌ನಲ್ಲಿ ಖಾಸಗಿ ತೋಟವೊಂದರ ಮಣ್ಣಿನ ಅಣೆ ಒಡೆದು 40ಕ್ಕೂ ಹೆಚ್ಚು ಜನ ಸತ್ತರು. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಅನ್ವಯಿಸುವುದು 15 ಮೀಟರಿಗಿಂತ ಎತ್ತರದವಕ್ಕೆ, 10ರಿಂದ 15 ಮೀಟರಿನವಾದರೆ ಕೆಲವು ಷರತ್ತಿನ ಮೇಲೆ. ನಮ್ಮ 18 ಅಡಿ ಐದೂವರೆ ಮೀಟರ್. ಆ ಕಾಯ್ದೆಯಡಿ ನಮ್ಮ ತೋಟದ ಕೆರೆ ನೋಡಲು ಯಾರೂ ಬರುವುದಿಲ್ಲ, ನಾವೇ ನೋಡಿಕೊಳ್ಳಬೇಕು.

ಮೇ ಕೊನೆಯೊಳಗೆ ಕೋಡಿಯ ಚೀಲ ತೆಗೆಸಿ. ಏರಿಯ ಮೇಲೆ ಸಿಲ್ವರ್ ಓಕ್ ನೆಟ್ಟಿದ್ದರೆ ಒಬ್ಬ ಇಂಜಿನಿಯರ್‌ಗೆ ತೋರಿಸಿ, ದೊಡ್ಡ ಮರ ಕಡಿದು ಬೇರು ಒಳಗೇ ಕೊಳೆತರೂ ಅದೇ ದಾರಿ ಆಗುತ್ತದೆ. ಏಡಿ, ಹೆಗ್ಗಣದ ಬಿಲ ಕಾಣಲು ಹುಲ್ಲು ಸವರಿಸಿ. ಮಳೆಗಾಲದಲ್ಲಿ ದಿನಾ ಒಬ್ಬರು ಬುಡದಲ್ಲಿ ನಡೆಯಲಿ, ಕೈಯಲ್ಲಿ ಒಂದು ಲೋಟ ಇರಲಿ.

ಒಡೆದ ಏರಿಯನ್ನು ನಾನಿನ್ನೂ ಮುಚ್ಚಿಸಿಲ್ಲ. ಕತ್ತರಿಸಿದ ಹಾಗೆ ನಿಂತಿದೆ, ಒಳಗಿನ ಹುಲ್ಲು, ಬೇರು, ಸಡಿಲ ಮಣ್ಣು ಎಲ್ಲಾ ಕಾಣುತ್ತದೆ. ಕೆರೆ ಮಾಡಿಸುವ ಯೋಚನೆ ಇರುವವರು ಬಂದು ನೋಡಿ, ತೋರಿಸುತ್ತೇನೆ.